ಸುಡದೆ ಉಳಿದ ಮುಖ

ಮಾರ್ಚ್ 2, ಭಾನುವಾರ

ಮೆಟ್ಟಿಲ ಕೆಳಗಿನ ಕೋಣೆಯನ್ನು ಇವತ್ತು ಖಾಲಿ ಮಾಡಿದೆ. ಒಣಗಿಹೋದ ಪೇಂಟ್ ಡಬ್ಬ, ತಮ್ಮನ ತುಕ್ಕು ಹಿಡಿದ ಸೈಕಲ್ಲು, ಯಾರೂ ಬಿಚ್ಚದ ಪತ್ರಿಕೆಗಳ ಕಟ್ಟು, ಎಲ್ಲ ಹೊರಗೆ ಹೋದವು. ಈಗ ಅಲ್ಲಿ ಒಂದು ಮೇಜು, ಒಂದು ಕುರ್ಚಿ, ಹಾಳಾದ ಪ್ರಿಂಟರುಗಳಿಂದ ಕಿತ್ತ ಎರಡು ಮೋಟಾರು, ಮತ್ತು ನಾನು.

ಲೇಸರ್ ಕೆತ್ತನೆ ಯಂತ್ರ ಕಟ್ಟುತ್ತೇನೆ ಅಂದಾಗ ತಮ್ಮನ ಹೆಂಡತಿ ನಕ್ಕುಬಿಟ್ಟಳು. "ಅತ್ತಿಗೆ, ದಿನವೆಲ್ಲ ಬಟ್ಟೆ ಫ್ಯಾಕ್ಟರೀಲಿ ಹೊಲಿಗೆ ಮಷೀನು ರಿಪೇರಿ ಮಾಡಿ ಬರ್ತೀರ. ಮನೆಗೆ ಬಂದ ಮೇಲೂ ಮಷೀನೇನಾ?" ಅವಳು ಬೇಕರಿಯಲ್ಲಿ ಕೆಲಸ ಮಾಡುವವಳು, ಮನೆಯಲ್ಲಿ ಕೇಕಿನ ಕಡೆ ತಿರುಗಿಯೂ ನೋಡುವುದಿಲ್ಲ. ಅವಳಿಗೆ ಹೇಗೆ ಅರ್ಥವಾಗಬೇಕು? ಫ್ಯಾಕ್ಟರಿಯ ಮಷೀನುಗಳು ಇನ್ನೊಬ್ಬರವು. ಇದು ನನ್ನದು.

ಅವಳಿಗೆ ಹೇಳದ ಸಂಗತಿ ಒಂದಿದೆ. ಏಪ್ರಿಲ್ ಕೊನೆಗೆ ಅವರಿಬ್ಬರ ಮದುವೆಗೆ ವರ್ಷ ತುಂಬುತ್ತದೆ. ಅಷ್ಟರೊಳಗೆ ತಮ್ಮನ ಮುಖವನ್ನು ಹಲಗೆಯ ಮೇಲೆ ಬೆಳಕಿನಿಂದ ಸುಟ್ಟು ಬರೆಯಬೇಕು, ಅವಳ ಕೈಗಿಡಬೇಕು. ಅಮ್ಮ ತೀರಿಕೊಂಡಾಗ ಅವನಿಗಿನ್ನೂ ಹಾಲುಹಲ್ಲು. ಸಾಕಿದ್ದು ನಾನು. ಈಗ ಮೊಬೈಲ್ ಟವರ್ ಹತ್ತಿ ರಿಪೇರಿ ಮಾಡುವ ದೊಡ್ಡ ಗಂಡಸಾಗಿದ್ದಾನೆ, ಆದರೂ ಆ ಮುಖ ನನ್ನ ಸೊತ್ತು ಎಂದೇ ನನ್ನ ಭಾವನೆ. ಅವಳಿಗೆ ಕೊಡುವಾಗ ಸ್ವಲ್ಪ ಹೊಟ್ಟೆಕಿಚ್ಚೂ ಆದೀತು. ಇರಲಿ.

ಯಂತ್ರಕ್ಕೆ ಏನೇನು ಮಾಡಿದೆ ಎಂದು ಬರೆದಿಟ್ಟರೆ ಒಳ್ಳೆಯದಂತೆ. ಅದಕ್ಕೆ ಈ ಪುಸ್ತಕ.

ಮಾರ್ಚ್ 9, ಭಾನುವಾರ

ಚೌಕಟ್ಟು ನಿಂತಿತು. ಎರಡು ಅಲ್ಯೂಮಿನಿಯಂ ಪಟ್ಟಿ ಉದ್ದಕ್ಕೆ, ಒಂದು ಅಡ್ಡಕ್ಕೆ. ಅಡ್ಡಪಟ್ಟಿಯ ಮೇಲೆ ಲೇಸರ್ ಡಬ್ಬಿ ಎಡಬಲ ಓಡಾಡುತ್ತದೆ, ಅಡ್ಡಪಟ್ಟಿಯೇ ಹಿಂದೆಮುಂದೆ ಸರಿಯುತ್ತದೆ. ಕಂಪ್ಯೂಟರು ಫೋಟೋವನ್ನು ಚುಕ್ಕೆಗಳಾಗಿ ಒಡೆದು, ಎಲ್ಲಿ ಕಪ್ಪು ಬೇಕೋ ಅಲ್ಲಿ ಸುಡು ಎಂದು ಹೇಳುತ್ತದೆ. ಹೊಲಿಗೆ ಮಷೀನು ಬಟ್ಟೆ ಓಡಿಸುತ್ತದೆ, ಇದು ಸೂಜಿಯನ್ನೇ ಓಡಿಸುತ್ತದೆ. ಅಷ್ಟೇ ವ್ಯತ್ಯಾಸ.

ಲೇಸರ್ ಡಬ್ಬಿ ಬೆರಳುದ್ದ ಇದೆ. ಕೊಟ್ಟ ಎಲೆಕ್ಟ್ರಾನಿಕ್ಸ್ ಅಂಗಡಿಯವ ಜೊತೆಗೊಂದು ಕಿತ್ತಳೆ ಬಣ್ಣದ ಕನ್ನಡಕ ಕೊಟ್ಟ. "ಬೆಳಕು ಉರೀತಿರೋವಾಗ ಇದನ್ನ ತೆಗೀಬೇಡಿ ಮೇಡಂ. ಕಣ್ಣು ಹೋಗುತ್ತೆ." ಇಸ್ತ್ರಿಪೆಟ್ಟಿಗೆ ಕೊಂಡಾಗಲೂ ಯಾರೋ ಹೀಗೇ ಹೆದರಿಸಿದ್ದರು.

ನನಗಿರುವುದೇ ಒಂದು ಕಣ್ಣು ಎಂದು ಅವನಿಗೇನು ಗೊತ್ತು. ಎಡಗಣ್ಣು ಹುಟ್ಟಾ ಸೋಮಾರಿ, ದೀಪ ಇದೆಯೋ ಇಲ್ಲವೋ ಎಂದಷ್ಟೇ ವರದಿ ಕೊಡುತ್ತದೆ. ದುಡಿಯುವುದೆಲ್ಲ ಬಲಗಣ್ಣು.

ಮಾರ್ಚ್ 16, ಭಾನುವಾರ

ಸುಟ್ಟಿತು! ಪ್ಲೈವುಡ್ ತುಂಡಿನ ಮೇಲೆ ಹೆಬ್ಬೆರಳಷ್ಟು ಚೌಕ. ನಾಲ್ಕು ಮೂಲೆಯೂ ನೀಟಾಗಿ. ಮರ ಸುಟ್ಟ ವಾಸನೆಗೆ ಗಂಡಹೆಂಡಿರಿಬ್ಬರೂ ಕೆಳಗೆ ಓಡಿಬಂದರು.

ಇರುವುದೊಂದೇ ಕನ್ನಡಕ, ತಮ್ಮನಿಗೆ ಹಾಕಿದೆ. ಅವಳನ್ನು ಬಾಗಿಲಾಚೆ ನಿಲ್ಲಿಸಿದೆ.

"ನಿನಗೆ?" ಅಂದ.

"ನಾನು ಕಂಪ್ಯೂಟರ್ ಕಡೆ ನೋಡ್ತೀನಿ. ನೀನು ಹಾಕ್ಕೊಂಡು ಸುಮ್ನೆ ನೋಡು."

ನಾನು ಕಂಪ್ಯೂಟರ್ ಕಡೆ ನೋಡಲಿಲ್ಲ. ಸ್ವಂತ ಕೈಯಲ್ಲಿ ಕಟ್ಟಿದವರು ಯಾರು ತಾನೇ ಬೇರೆ ಕಡೆ ನೋಡುತ್ತಾರೆ? ಕೋಣೆಯ ಗೋಡೆಯೆಲ್ಲ ನೀಲಿ ನೀಲಿ. ಆ ಬೆಳಕಿನಲ್ಲಿ ತಮ್ಮನ ಮುಖ ನೀರಿನ ತಳದಲ್ಲಿ ಕೂತವನ ಮುಖದಂತೆ ಕಂಡಿತು. ಒಂದು ಗಳಿಗೆ ಅದು ನನಗೆ ಹಿಡಿಸಲಿಲ್ಲ.

ಮಾರ್ಚ್ 20

ಹಲಗೆಯ ಕೆಳಗೆ ಇಡಲು ಫ್ಯಾಕ್ಟರಿಯ ಗುಜರಿಯಿಂದ ಸ್ಟೀಲ್ ತಗಡು ತಂದೆ. ಮುಖ ನೋಡಿಕೊಳ್ಳಬಹುದು, ಅಷ್ಟು ಹೊಳಪು. ಮೇಜು ಸುಡುವುದಿಲ್ಲ, ಒರೆಸಿದರೆ ಸ್ವಚ್ಛ.

ಚುಕ್ಕೆ ಎಷ್ಟು ಚಿಕ್ಕದೋ ಚಿತ್ರ ಅಷ್ಟು ನಾಜೂಕು. ಲೆನ್ಸಿನ ಬಳೆ ತಿರುಗಿಸುತ್ತ ಚುಕ್ಕೆಯನ್ನು ಸೂಜಿಮೊನೆಯಷ್ಟು ಮಾಡಬೇಕು. ಕನ್ನಡಕ ಹಾಕಿದರೆ ಚುಕ್ಕೆಯೇ ಕಾಣುವುದಿಲ್ಲ. ಕಾಣದ ಚುಕ್ಕೆಯನ್ನು ಚಿಕ್ಕದು ಮಾಡುವುದು ಹೇಗೆ? ಆದ್ದರಿಂದ ಬೆಳಕನ್ನು ತೀರ ಸಣ್ಣಗೆ ಇಟ್ಟು, ಕನ್ನಡಕ ಹಣೆಗೇರಿಸಿ, ಬಗ್ಗಿ ನೋಡುತ್ತೇನೆ. ಇವತ್ತು ಬೆಳಕನ್ನು ಸಣ್ಣ ಮಾಡಲು ಮರೆತಿದ್ದೆ, ಹಲಗೆ ಸುಟ್ಟಾಗಿನ ಜೋರೇ ಉಳಿದಿತ್ತು. ಹಲಗೆಯನ್ನೂ ಇಟ್ಟಿರಲಿಲ್ಲ. ತಗಡಿನಿಂದ ಬೆಳಕು ಫಳ್ ಎಂದು ಕಣ್ಣಿಗೆ ಬಡಿಯಿತು. ನೋವೇನೂ ಇಲ್ಲ. ಕಣ್ಣಲ್ಲಿ ಒಂದು ನೀಲಿ ಹೂವು ಅರಳಿ, ಊಟದ ತಟ್ಟೆಯ ಮೇಲೂ ಕೂತಿತ್ತು. ಮಲಗಿದರೆ ಹೋಗುತ್ತದೆ.

ಮಾರ್ಚ್ 23, ಭಾನುವಾರ

ಯಂತ್ರ ಕೆಟ್ಟಿದೆ. ಪರೀಕ್ಷೆಗೆಂದು ಸಾಲುಸಾಲು ನೇರ ಗೆರೆ ಸುಟ್ಟರೆ ನಡುವೆ ಎಲ್ಲವೂ ಹೊಟ್ಟೆ ಬಿಟ್ಟುಕೊಂಡು ಬಾಗಿವೆ. ಬೆಲ್ಟ್ ಸಡಿಲವಿರಬೇಕೆಂದು ಬಿಗಿಮಾಡಿದೆ. ಮತ್ತೆ ಬಾಗಿತು. ಪಟ್ಟಿಗಳನ್ನು ಬಿಚ್ಚಿ ಹೊಸದಾಗಿ ಕೂರಿಸಿದೆ. ಮತ್ತೆ ಅದೇ.

ತಮ್ಮ ಗೆರೆಯ ಮೇಲೆ ಸ್ಕೇಲಿಟ್ಟು ನೋಡಿದ. "ನೇರವಾಗೇ ಇದೆಯಲ್ಲಕ್ಕ."

ಹೊಲಿಗೆಯ ಸಾಲು ನೋಡಿ ನೋಡಿ ಪಳಗಿದ ಕಣ್ಣು ನನ್ನದು, ಇವನ ಪ್ಲಾಸ್ಟಿಕ್ ಸ್ಕೇಲನ್ನು ನಂಬಲೇ? ಬಾಯಿ ಮುಚ್ಚಿಸಿ ಮೇಲೆ ಕಳಿಸಿದೆ.

ಈ ಪುಸ್ತಕದ ಗೆರೆಗಳೂ ಡೊಂಕು. ಅಗ್ಗದ ಮಾಲಿನ ಹಣೆಬರಹ.

ಮಾರ್ಚ್ 30, ಭಾನುವಾರ

ಗೆರೆಯ ಗೊಡವೆ ಬಿಟ್ಟು ಫೋಟೋಗೇ ಕೈ ಹಾಕಿದೆ. ತಮ್ಮನ ಮುಖಕ್ಕೆ ಮೊದಲು ಕೈ ಕುದುರಲಿ ಎಂದು ಅವನ ತಂಡದ ಮೂವರ ಫೋಟೋ ಆರಿಸಿದೆ. ಎಡಕ್ಕೆ ತಮ್ಮ, ಬಲಕ್ಕೆ ಅವರ ಡ್ರೈವರು, ನಡುವೆ ಉದ್ದಣ್ಣ. ಅವನ ನಿಜವಾದ ಹೆಸರು ಅವನಿಗೇ ಮರೆತಿರಬೇಕು. ಬಾಗಿಲಿಗೆ ತಲೆ ಬಡಿಸಿಕೊಳ್ಳದೆ ನಮ್ಮ ಮನೆಗೆ ಬಂದದ್ದೇ ಇಲ್ಲ.

ಯಂತ್ರ ಒಂದೊಂದೇ ಸಾಲು ಸುಡುತ್ತ ಕೆಳಗಿಳಿಯಿತು. ಮುಗಿದ ಮೇಲೆ ಮಸಿ ಒರೆಸಿ ನೋಡಿದೆ. ತಮ್ಮ ಬಂದಿದ್ದಾನೆ, ಡ್ರೈವರು ಬಂದಿದ್ದಾನೆ. ಉದ್ದಣ್ಣನ ಕಾಲರ್ ಇದೆ, ಕಿವಿ ಇವೆ. ನಡುವೆ ಬರೀ ಹಲಗೆ.

"ಚೆನ್ನಾಗೇ ಬಂದಿದಾನಲ್ಲ, ಹಲ್ಲು ಸಮೇತ!" ಅಂದ ತಮ್ಮ. ನನ್ನ ಮನಸ್ಸು ನೋಯಬಾರದೆಂದು ಹೇಳುವ ಇಂಥ ಬೆಣ್ಣೆಮಾತು ಅವನಿಗೆ ಚಿಕ್ಕಂದಿನಿಂದಲೂ ರೂಢಿ.

ಏಪ್ರಿಲ್ 3

ಉದ್ದಣ್ಣ ಬಿದ್ದ. ಟವರಿನ ಕೆಳಭಾಗದ ಏಣಿಯಿಂದ. ತೊಡೆಯ ಮೂಳೆ ಮುರಿದಿದೆ. ಜೀವಕ್ಕೇನೂ ಇಲ್ಲವಂತೆ.

ಹಲಗೆಯನ್ನು ಮತ್ತೆ ತೆಗೆದು ನೋಡಿದೆ. ಮುಖವಿಲ್ಲ.

ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಬೆಕ್ಕು ಅಡ್ಡ ಬಂದರೆ ಬೆಕ್ಕಿಗೆ ದಾರಿ ಬಿಡುವವಳು. ಬರೆದಿಡುತ್ತಿದ್ದೇನೆ, ಅಷ್ಟೇ.

ಏಪ್ರಿಲ್ 6, ಭಾನುವಾರ

ಇವತ್ತು ತಮ್ಮನ ಫೋಟೋ ಹಾಕಿದೆ. ಹಾಕಬಾರದಿತ್ತು.

ಕೂದಲು ಬಂತು. ಹಣೆಯ ಮೇಲ್ಭಾಗ ಬಂತು. ಅಂಗಿಯ ಗುಂಡಿ ಕೂಡ ಎಣಿಸುವ ಹಾಗೆ ಬಂತು. ಹುಬ್ಬಿನಿಂದ ಗದ್ದದವರೆಗೆ ಏನೂ ಇಲ್ಲ. ಸುಟ್ಟು ಹಾಳಾದದ್ದಲ್ಲ, ಮಸುಕಾದದ್ದೂ ಅಲ್ಲ. ಮರದ ಎಳೆಗಳು ತಮ್ಮ ಪಾಡಿಗೆ ತಾವು ಹರಿದುಹೋಗಿವೆ, ಅಲ್ಲಿ ಯಾವತ್ತೂ ಯಾರೂ ಇರಲಿಲ್ಲ ಎನ್ನುವ ಹಾಗೆ.

ಹೊಸ ಹಲಗೆ ಇಟ್ಟು ಮತ್ತೆ ಸುಟ್ಟೆ. ಬೇರೆ ಫೋಟೋ ಹಾಕಿ ಮತ್ತೆ ಸುಟ್ಟೆ. ಪ್ರತಿಸಲವೂ ಚುಕ್ಕೆಯನ್ನು ಬಗ್ಗಿ ಬಗ್ಗಿ ನೋಡಿ ಸರಿಮಾಡಿದೆ. ಪ್ರತಿಸಲವೂ ಖಾಲಿ ಜಾಗ ಇನ್ನಷ್ಟು ದೊಡ್ಡದಾಯಿತು.

ಮಷೀನು ಮನುಷ್ಯರ ಹಾಗಲ್ಲ, ಮುಖ ನೋಡಿ ಮಾತಾಡುವುದಿಲ್ಲ. ದಾರ ತುಂಡಾಗಿದ್ದರೆ ತುಂಡಾಗಿದೆ ಎನ್ನುತ್ತದೆ. ಇಷ್ಟು ವರ್ಷ ಇದನ್ನೇ ನಂಬಿ ಅನ್ನ ತಿಂದವಳು ನಾನು. ಈಗ ಅದು ಹೇಳುತ್ತಿರುವುದನ್ನು ಮಾತ್ರ ನಂಬುವುದಿಲ್ಲ ಎನ್ನಲು ಹೇಗೆ ಸಾಧ್ಯ?



ಏಪ್ರಿಲ್ 9

ತಮ್ಮನ ಹೆಂಡತಿ ಕಸ ಗುಡಿಸಲು ಬಂದವಳು ಹಲಗೆಗಳನ್ನು ಕಂಡುಬಿಟ್ಟಳು.

"ಅಯ್ಯೋ ಅತ್ತಿಗೆ, ಇವರದೇ! ಎಷ್ಟು ಚೆನ್ನಾಗಿದೆ! ಬಚ್ಚಿಟ್ಟಿದೀರಲ್ಲ!"

"ಏನು ಕಾಣ್ತಿದೆ ಅದರಲ್ಲಿ?"

"ಇವರ ಮುಖ."

"ಕಣ್ಣು?"

"ಕಣ್ಣು, ಮೂಗು, ಆ ಗಲ್ಲದ ಗುಳಿ, ಎಲ್ಲಾ. ಯಾಕತ್ತಿಗೆ ಹೀಗೆ ಕೇಳ್ತೀರ?" ಸ್ವಲ್ಪ ತಡೆದು, "ಒಂದ್ಸಲ ಕಣ್ಣು ತೋರಿಸ್ಕೊಂಡು ಬರೋಣ್ವಾ? ಮೊನ್ನೆ ಲೋಟದ ಪಕ್ಕಕ್ಕೆ ನೀರು ಸುರಿದ್ರಿ," ಅಂದಳು.

ಹೆಂಡತಿಯಾದವಳಿಗೆ ಗಂಡನ ಮುಖ ಎಲ್ಲಿ ಬೇಕಾದರೂ ಕಾಣುತ್ತದೆ, ಪಾಪ. ನಿಜ ಹೇಳಿ ಅವಳ ಎದೆ ಒಡೆಯಲೇ? ಕೋಣೆಯ ಬಲ್ಬ್ ಮಂಕಾಗಿದೆ, ನಾಳೆ ಬದಲಿಸಬೇಕು. ಫ್ಯಾಕ್ಟರಿಯ ಬಲ್ಬುಗಳೂ ಈಚೆಗೆ ಮಂಕು. ಸೂಜಿಗೆ ದಾರ ಪೋಣಿಸಲು ಪಕ್ಕದವರನ್ನು ಕರೆಯುತ್ತಿದ್ದೇನೆ.

ಏಪ್ರಿಲ್ 13, ಭಾನುವಾರ

ಹಲಗೆಯಲ್ಲಿದ್ದದ್ದು ಮನೆಯೊಳಗೆ ಬಂದಿದೆ.

ಬೆಳಗ್ಗೆ ತಮ್ಮ ಮೆಟ್ಟಿಲಿಳಿದು ಬರುತ್ತಿದ್ದ. ತಲೆಯೆತ್ತಿ ಅವನನ್ನೇ ನೋಡಿದೆ. ಕೂದಲಿತ್ತು, ಕಿವಿಗಳಿದ್ದವು, ಕಾಲರಿತ್ತು. ನಡುವೆ ಹಿಂದಿನ ಗೋಡೆಯ ಬಣ್ಣ. ಆ ಬಣ್ಣದೊಳಗಿಂದ "ತಿಂಡಿ ಆಯ್ತಾ ಅಕ್ಕ?" ಎಂಬ ಮಾತು ಬಂತು. ಕೈಯಲ್ಲಿದ್ದ ತಟ್ಟೆ ಬಿತ್ತು.

ಅವನು ಬಗ್ಗಿ ಚೂರು ಆರಿಸುತ್ತಿದ್ದಾಗ ನನ್ನ ಕಣ್ಣು ನೆಲದ ಮೇಲಿತ್ತು, ಆಗ ಓರೆಯಲ್ಲಿ ಅವನ ಮುಖ ಹೇಗೋ ಒಂದು ಕ್ಷಣ ಕಂಡ ಹಾಗಾಯಿತು. ತಿರುಗಿ ನೋಡಿದರೆ ಇಲ್ಲ. ನೋಡುವ ಮುನ್ನ ಇರುತ್ತದೆ, ನೋಡಿದ ಕೂಡಲೇ ಹೋಗುತ್ತದೆ. ಅಂದರೆ ಅವನು ಸ್ವಲ್ಪ ಸ್ವಲ್ಪವಾಗಿ ಹೊರಡುತ್ತಿದ್ದಾನೆ.

ಬೇರೆಯವರ ಮುಖ ನೋಡುವ ಧೈರ್ಯ ಮಾಡುವುದಿಲ್ಲ. ಕೈಗಳನ್ನು ನೋಡಿ ಮಾತಾಡುತ್ತೇನೆ. ಕನ್ನಡಿಯ ಮೇಲೆ ಟವೆಲ್ ಹಾಕಿದ್ದೇನೆ, ಧೂಳು.

ಉದ್ದಣ್ಣನ ಜಾಗಕ್ಕೆ ಹೊಸಬ ಬಂದಿದ್ದಾನಂತೆ. ಬುಧವಾರ ಬೆಟ್ಟದ ಮೇಲಿನ ಟವರು, ಊರಿಗೇ ಎತ್ತರದ್ದು. ಹೋಗಬೇಡ ಅಂದೆ. ನಕ್ಕ. ಬೈಕಿನ ಪ್ಲಗ್ ಕಿತ್ತು ಬಚ್ಚಿಟ್ಟೆ. "ಆಫೀಸ್ ಗಾಡಿ ಮನೆ ಮುಂದೇ ಬರುತ್ತಕ್ಕ," ಎಂದು ಅದಕ್ಕೂ ನಕ್ಕ. ಯಾವ ಬಾಯಿಂದ ನಕ್ಕನೋ ನನಗೆ ಕಾಣಲಿಲ್ಲ.

ಏಪ್ರಿಲ್ 15

ದಾರಿ ಸಿಕ್ಕಿತು.

ಟವರ್ ಹತ್ತುವ ಮುಂಚೆ ತಂಡದವರು ನೆಲದ ಮೇಲೆ ಒಬ್ಬರ ಸೇಫ್ಟಿ ಬೆಲ್ಟನ್ನು ಇನ್ನೊಬ್ಬರು ಪರೀಕ್ಷೆ ಮಾಡುತ್ತಾರೆ. ಒಂದು ಹೊಲಿಗೆ ಬಿಟ್ಟಿದ್ದರೂ ಆ ದಿನ ಮೇಲೆ ಬಿಡುವುದಿಲ್ಲ. ಹೊಸ ಬೆಲ್ಟ್ ಬರುವವರೆಗೆ ನೆಲದ ಮೇಲಿನ ಕೆಲಸ. ಇದನ್ನು ಅವನೇ ಎಷ್ಟೋ ಸಲ ಹೇಳಿದ್ದಾನೆ.

ಸಂಜೆ ಅವರಿಬ್ಬರೂ ಹೊರಗೆ ಹೋದಾಗ ತಮ್ಮನ ಬೆಲ್ಟ್ ಕೆಳಗೆ ತಂದೆ. ಭುಜದ ಪಟ್ಟಿಯಲ್ಲಿ ಮೂರು ಸಾಲು ಹೊಲಿಗೆ. ಹೊರಗಿನ ಒಂದು ಸಾಲು ಮಾತ್ರ, ಯಾರಿಗೂ ಎದ್ದು ಕಾಣುವ ಹಾಗೆ ಬಿಚ್ಚಿದೆ. ಬಿಚ್ಚಿದಷ್ಟೂ ಪಟ್ಟಿ ಇಡಿಯಾಗಿಯೇ ಕಾಣುತ್ತಿತ್ತು. ಆದ್ದರಿಂದ ಇನ್ನಷ್ಟು ಬಿಚ್ಚಿದೆ. ಈಗ ಕುರುಡನಿಗೂ ಕಂಡೀತು.

ಇವತ್ತು ಹೊಟ್ಟೆ ತುಂಬ ಉಂಡೆ.

ಏಪ್ರಿಲ್ 16

ಮಧ್ಯಾಹ್ನವೇ ಬಂದ. ಮೊಣಕೈಗೆ ಬಟ್ಟೆ ಸುತ್ತಿತ್ತು. ಬೆಲ್ಟನ್ನು ನನ್ನ ಮೇಜಿನ ಮೇಲೆ ಎಸೆದ.

ಪರೀಕ್ಷೆ ಮಾಡಬೇಕಾದ ಹೊಸಬ ದೂರದಿಂದಲೇ ನೋಡಿ ಸರಿಯಿದೆ ಎಂದನಂತೆ. ತಮ್ಮನಿಗೆ ಒಂದು ಅಭ್ಯಾಸ. ಆಳೆತ್ತರ ಹತ್ತಿ, ಕೊಕ್ಕೆ ಸಿಕ್ಕಿಸಿ, ಹಿಂದಕ್ಕೆ ವಾಲಿ ಮೈಭಾರ ಬಿಟ್ಟು ನೋಡುತ್ತಾನೆ. ವಾಲಿದ. ಪಟ್ಟಿ ಕಳಚಿತು. ಆಳೆತ್ತರದಿಂದ ಬಿದ್ದ.

"ಇಷ್ಟು ನೀಟಾಗಿ ಹೊಲಿಗೆ ಬಿಚ್ಚೋರು ಈ ಊರಲ್ಲಿ ಯಾರಿದಾರೆ ಅಂತ ನನಗೆ ಗೊತ್ತಿಲ್ವಾ?"

"ಒಂದೇ ಸಾಲು ಕಣೋ. ಕಾಣಲಿ ಅಂತ. ನೀನು ಹತ್ತಬಾರದು ಅಂತ."

"ಒಂದೇ ಸಾಲಾ? ಮೂರೂ ಬಿಚ್ಚಿದೀಯ! ತುದೀಲಿ ಒಂದು ನಾಲ್ಕು ಹೊಲಿಗೆ ಹಿಡ್ಕೊಂಡಿತ್ತು, ಅಷ್ಟೇ. ಎಲ್ಲೀವರೆಗೆ ಬಿಚ್ಚಿದೆ ಅಂತ ಬೆರಳಿಟ್ಟು ತೋರಿಸು ನೋಡೋಣ."

ಪಟ್ಟಿಯನ್ನು ಬೆಳಕಿಗೆ ಹಿಡಿದೆ. ಅಖಂಡವಾದ ಕಪ್ಪು ಪಟ್ಟಿ. ಬೆರಳಿಟ್ಟೆ. ಬೆರಳು ಪಟ್ಟಿಯೊಳಗೆ ತೂರಿ ಆಚೆ ಬಂತು. ಅಲ್ಲಿ ಪಟ್ಟಿಯೇ ಇರಲಿಲ್ಲ.

ಅವನ ದನಿ ತಗ್ಗಿತು. "ಅಕ್ಕ, ನನ್ನ ಮುಖ ನೋಡು."

"ಮುಖ ಎಲ್ಲಿದೆಯೋ ನಿನಗೆ!" ಎಂದು ಕಿರುಚಿಬಿಟ್ಟೆ. "ಹೋಗಿಬಿಟ್ಟಿದೆ ಕಣೋ! ಹಲಗೆ ಮೇಲೂ ಇಲ್ಲ, ನಿನ್ನ ಮೇಲೂ ಇಲ್ಲ!"

 ಅವನು ನನ್ನ ಕೈ ಹಿಡಿದು, ನಿಧಾನವಾಗಿ, ಚಿಕ್ಕ ಮಗುವನ್ನು ಮಾತಾಡಿಸುವ ಹಾಗೆ, "ನಿನ್ನ ಮುಖ ನಿನಗೆ ಕಾಣುತ್ತಾ?" ಎಂದು ಕೇಳಿದ. ಕನ್ನಡಿಯ ಮೇಲಿನ ಟವೆಲ್ ತೆಗೆದ.

ಏಪ್ರಿಲ್ 18

ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ, ದಪ್ಪ ಪೆನ್ನಿನಿಂದ.

ಕಣ್ಣಿನ ಡಾಕ್ಟರಮ್ಮ ಬಹಳ ಹೊತ್ತು ನೋಡಿದರು. "ವೆಲ್ಡಿಂಗ್ ನೋಡ್ತೀರಾ? ಸೂರ್ಯನ್ನ ನೋಡಿದ್ರಾ?" ಎಂದರು. ಇಲ್ಲ, ಲೇಸರ್ ಎಂದೆ. ಅವರು ಪೆನ್ನು ಕೆಳಗಿಟ್ಟರು. ಕಣ್ಣಿನ ಹಿಂಬದಿಯ ಪರದೆಯಲ್ಲಿ, ಯಾವುದನ್ನು ನೇರ ನೋಡುತ್ತೇವೋ ಅದು ಬೀಳುವ ಜಾಗದಲ್ಲೇ, ಸುಟ್ಟ ಗಾಯವಂತೆ. ಒಂದು ಸಲದ್ದಲ್ಲವಂತೆ, ಸಲಸಲಕ್ಕೂ ಸುಟ್ಟದ್ದು. ಸುತ್ತಲಿನ ಬಣ್ಣವನ್ನೇ ಎಳೆದು ಮಿದುಳು ಆ ತೂತನ್ನು ಮುಚ್ಚುತ್ತದಂತೆ, ಅದಕ್ಕೇ ತೂತು ಎಂದು ತಿಳಿಯುವುದಿಲ್ಲವಂತೆ. ವಾಪಸು ಬರುವುದಿಲ್ಲವಂತೆ.

ನಾನು ಕೇಳಿದ್ದು ಒಂದೇ. "ಹಾಗಾದ್ರೆ ಇವನ ಮುಖಕ್ಕೆ ಏನೂ ಆಗಿಲ್ವಾ?"

"ಯಾರ ಮುಖ?" ಎಂದರು ಡಾಕ್ಟರಮ್ಮ.

ತಮ್ಮ ಬಿಕ್ಕಿ ಬಿಕ್ಕಿ ಅಳುತ್ತಿದ್ದ. ನನಗೆ ನಗು ತಡೆಯಲಾಗಲಿಲ್ಲ.  ಎರಡು ವಾರದಿಂದ ಅವನ ಹೆಣವನ್ನು ಹೊತ್ತು ತಿರುಗುತ್ತಿದ್ದೆ, ಈಗ ಇಳಿಸಿದ ಹಾಗಾಯಿತು. ತೂತು ನನ್ನಲ್ಲಿದೆ, ಅವನಲ್ಲಿಲ್ಲ. ಇದಕ್ಕಿಂತ ಒಳ್ಳೆಯ ಸುದ್ದಿ ಏನಿದೆ?

ಮನೆಗೆ ಬಂದ ಮೇಲೆ ನಗು ನಿಂತಿತು. ಅವನನ್ನು ಬೀಳಿಸಿದ್ದು ಯಂತ್ರವಲ್ಲ, ಅಪಶಕುನವಲ್ಲ, ನಾನು. ಅವನಿಗೆ ವಾಲಿ ನೋಡುವ ಅಭ್ಯಾಸವಿಲ್ಲದಿದ್ದರೆ ಇವತ್ತು ಈ ಪುಸ್ತಕ ಬರೆಯಲು ನಾನಿರುತ್ತಿರಲಿಲ್ಲ. ಹಾಗೆಂದೆ. "ಬಿಡಕ್ಕ" ಎಂದ. ಅವನ ಹೆಂಡತಿ ಬಿಡಲಿಲ್ಲ, ಇನ್ನು ನನ್ನೊಡನೆ ಮಾತಾಡುವುದಿಲ್ಲ ಎಂದಳು. ಅವಳು ಮಾಡಿದ್ದೇ ಸರಿ.

ಏಪ್ರಿಲ್ 27, ಭಾನುವಾರ

ಇವತ್ತು ಅವನು ಬೆಟ್ಟದ ಟವರ್ ಹತ್ತಿದ. ನಾನೇ ಹೋಗು ಎಂದೆ. ನಾನೂ ಬರುತ್ತೇನೆ ಎಂದೆ.

ಅವಳು ನನ್ನ ತೋಳು ಹಿಡಿದು ಬೇಲಿಯ ಹತ್ತಿರ ನಿಲ್ಲಿಸಿದಳು. ತಮ್ಮ, ಡ್ರೈವರು, ಹೊಸಬ ಮೂವರೂ ಒಬ್ಬರ ಬೆಲ್ಟ್ ಇನ್ನೊಬ್ಬರು ಜಗ್ಗಿ ನೋಡುವುದು ಕೇಳಿಸುತ್ತಿತ್ತು. ಬಕಲುಗಳ ಸದ್ದು, ಡ್ರೈವರನ ಬೈಗುಳ. ಆಮೇಲೆ ಕಬ್ಬಿಣದ ಮೇಲೆ ಬೂಟಿನ ಸದ್ದು, ಅದೂ ಮೇಲೇರುತ್ತ ಸಣ್ಣದಾಯಿತು.

ತಲೆಯೆತ್ತಿ ನೇರ ನೋಡಿದೆ. ಟವರಿತ್ತು. ಬುಡದಿಂದ ತುದಿಯವರೆಗೆ ಒಂದು ಸರಳೂ ಬಿಡದೆ ಇತ್ತು. ಅದರ ಮೇಲೆ ಯಾರೂ ಇರಲಿಲ್ಲ. ಯಾಕೆಂದು ಗೊತ್ತಿದ್ದರೂ ಅವಳ ಕೈಯನ್ನು ಬಿಗಿಯಾಗಿ ಹಿಡಿದೆ.

"ಎಲ್ಲೇ ಅವನು?"

"ಅರ್ಧ ದಾಟಿದಾರೆ ಅತ್ತಿಗೆ." ಮಾತು ಬಿಟ್ಟಿದ್ದವಳು ನನ್ನ ಗದ್ದ ಹಿಡಿದು ಮೆಲ್ಲನೆ ಪಕ್ಕಕ್ಕೆ ತಿರುಗಿಸಿದಳು. "ಅವರನ್ನ ನೋಡಬೇಡಿ. ಅಲ್ಲಿ ಆ ಮೋಡ ನೋಡಿ. ಡಾಕ್ಟರಮ್ಮ ಹೇಳಿದ್ರಲ್ಲ, ಪಕ್ಕಕ್ಕೆ ನೋಡಿದ್ರೆ ಕಾಣುತ್ತೆ ಅಂತ."

ಮೋಡ ನೋಡಿದೆ. ಕಣ್ಣಂಚಿನಲ್ಲಿ ಒಂದು ಚುಕ್ಕೆ ಮೂಡಿತು. ಅದಕ್ಕೆ ಕೈ ಬಂತು, ಕಾಲು ಬಂತು. ಮೇಲಕ್ಕೆ ಸರಿಯುತ್ತಿತ್ತು. ಅವನೇ ಎಂದು ಆಸೆಯಾಗಿ ಕಣ್ಣು ತಾನಾಗಿ ಅತ್ತ ಹೊರಳಿತು. ಅಳಿಸಿಹೋದ. ಹೆದರಿ ಮತ್ತೆ ಮೋಡದ ಕಡೆ ತಿರುಗಿದೆ. ಮತ್ತೆ ಬಂದ.

ಆಮೇಲೆ ಅವನು ಇಳಿದು ನೆಲ ಮುಟ್ಟುವವರೆಗೂ ನಾನು ಒಂದೇ ಒಂದು ಸಲವೂ ಅವನ ಕಡೆ ನೋಡಲಿಲ್ಲ.